ಬಯಾಪ್ಸಿ ಮಾಡಿಸಲೇಬೇಕಾ ಡಾಕ್ಟ್ರೇ?

ಪ್ರಶ್ನೆ: ಡಾಕ್ಟರಮ್ಮ, ನಮಸ್ಕಾರ. ನನ್ನ ಮಗನಿಗೆ 4 ವರ್ಷ. ಹಲಸಿನ ಹಣ್ಣಿನ ಕಾಲದಲ್ಲಿ ಒಂದು ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಂಡಿತ್ತು. ಹುಳ ಮುಟ್ಟಿರಬೇಕು ಅಂದುಕೊಂಡೆವು. ವಾರದಲ್ಲಿ ಕಾಲು, ಹೊಟ್ಟೆ ಎಲ್ಲ ಊದಿ ಚಡ್ಡಿ ಹಾಕಲಿಕ್ಕೂ ಆಗಲಿಲ್ಲ. ಮೂತ್ರದಲ್ಲಿ ಪ್ರೋಟೀನ್ 4 ಪ್ಲಸ್ ಇತ್ತು. ನೆಫ್ರಾಟಿಕ್ ಸಿಂಡ್ರೋಮ್ ಎಂದು ಹೇಳಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ 30 ಮಿಲಿಗ್ರಾಂ ಕೊಟ್ಟರು. 11ನೇ ದಿನಕ್ಕೆ ಪ್ರೋಟೀನ್ ನಿಂತಿತು. ಬೆಂಗಳೂರಿನ ನಮ್ಮ ಭಾವ, ಕಿಡ್ನಿ ಚೂರು ತೆಗೆದು ನೋಡದೆ ಸ್ಟೀರಾಯ್ಡ್ ಕೊಟ್ಟಿದ್ದು ತಪ್ಪು ಅಂತಾರೆ. ಅತ್ತೆ, ಊತ ಇಳಿಯಿತಲ್ಲ, ಮಾತ್ರೆ ನಿಲ್ಲಿಸು ಅಂತಾರೆ. ಏನು ಮಾಡಲಿ?
– ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಉತ್ತರ: ನೋಡಮ್ಮ, ನಿಮ್ಮ ಕಾಗದದಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟಿದ್ದು ಆ '11ನೇ ದಿನ'. ಬಯಾಪ್ಸಿ (ಅಂದರೆ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡುವ ಪರೀಕ್ಷೆ) ಹೇಳಬೇಕಾದ ಮಾತನ್ನು ಅದೇ ಹೇಳಿಬಿಟ್ಟಿದೆ.

ಎರಡು ಕೈಗಳ ಬೆರಳುಗಳನ್ನು ಒಂದರೊಳಗೊಂದು ಹೆಣೆದು ಹಿಡಿಯಿರಿ. ಕಿಡ್ನಿಯಲ್ಲಿ ರಕ್ತ ಸೋಸುವ ಜಾಗದ ಹೊರಮೈಯಲ್ಲಿ ಜೀವಕೋಶಗಳು ಹೀಗೇ ಬೆರಳು ಹೆಣೆದುಕೊಂಡು ಕೂತಿರುತ್ತವೆ. ನಡುವಿನ ಸಂದಿಯಲ್ಲಿ ನೀರು ಇಳಿಯುತ್ತದೆ, ಪ್ರೋಟೀನ್ ಒಳಗೇ ಉಳಿಯುತ್ತದೆ. ನೆಫ್ರಾಟಿಕ್ ಸಿಂಡ್ರೋಮಿನಲ್ಲಿ ಮಕ್ಕಳಿಗೆ ಹೆಚ್ಚಾಗಿ ಬರುವ ಬಗೆಯಲ್ಲಿ ಆ ಬೆರಳುಗಳು ಚಪ್ಪಟೆಯಾಗಿ ಹೆಣಿಗೆ ಕೆಡುತ್ತದೆ, ಪ್ರೋಟೀನ್ ಸೋರಿ ಹೋಗುತ್ತದೆ. ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಿಡ್ನಿ ಚೆನ್ನಾಗೇ ಕಾಣುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಮಾತ್ರ ಆ ಚಪ್ಪಟೆ ಬೆರಳು ಗೊತ್ತಾಗುತ್ತದೆ. ಅದಕ್ಕೇ ಇದಕ್ಕೆ 'ಮಿನಿಮಲ್ ಚೇಂಜ್' ಅನ್ನೋ ಹೆಸರು. ಸ್ಟೀರಾಯ್ಡ್ ಕೊಟ್ಟಾಗ ಬೆರಳುಗಳು ಮತ್ತೆ ಮೊದಲಿನ ಆಕಾರಕ್ಕೆ ಬರುತ್ತವೆ.

ಹಿಂದೆ ಹಲವು ದೇಶಗಳ ಮಕ್ಕಳ ವೈದ್ಯರು ಸೇರಿ ಒಂದು ದೊಡ್ಡ ಅಧ್ಯಯನ ಮಾಡಿದ್ದರು. ಎಲ್ಲ ಮಕ್ಕಳಿಗೂ ಮೊದಲು ಬಯಾಪ್ಸಿ, ಆಮೇಲೆ ಸ್ಟೀರಾಯ್ಡ್. 1981ರಲ್ಲಿ ಅದರ ಲೆಕ್ಕ ಬಂತು. ಸ್ಟೀರಾಯ್ಡಿಗೆ ಗುಣ ಕಂಡ 100 ಮಕ್ಕಳಲ್ಲಿ ಸುಮಾರು 92 ಮಕ್ಕಳದ್ದು ಮಿನಿಮಲ್ ಚೇಂಜ್. ಅಂದರೆ ಮಾತ್ರೆಗೆ ಪ್ರೋಟೀನ್ ನಿಂತಿತು ಅಂದರೆ ಒಳಗೆ ಏನಿದೆ ಎಂದು ಸೂಜಿ ಹಾಕದೆಯೇ ಬಹುಪಾಲು ಗೊತ್ತಾದ ಹಾಗೆ. ಹೀಗಾಗಿ ನಿಮ್ಮ ಮಗನ ವಯಸ್ಸಿನ ಮಕ್ಕಳಿಗೆ ಮೊದಲೇ ಬಯಾಪ್ಸಿ ಮಾಡುವುದಿಲ್ಲ. ಮಗುವಿಗೆ ಒಂದು ವರ್ಷ ತುಂಬಿಲ್ಲ, ಮೂತ್ರ ಕೆಂಪಗೆ ಹೋಗುತ್ತಿದೆ, ಬಿಪಿ ಇಳಿಯುತ್ತಲೇ ಇಲ್ಲ, ಕಿಡ್ನಿ ಕೆಲಸ ತಿಳಿಸುವ ರಕ್ತಪರೀಕ್ಷೆಯಲ್ಲಿ ಕ್ರಿಯೇಟಿನಿನ್ ಜಾಸ್ತಿ ಇದೆ ಅಂದಾಗ ಮಾತು ಬೇರೆ. ನಿಮ್ಮ ಭಾವನವರಿಗೆ ಇಷ್ಟು ಹೇಳಿ.

ಅತ್ತೆಯವರ ಮಾತಿಗೆ ಬರುತ್ತೇನೆ. ಇದು ನನಗೆ ನೋವಿನ ವಿಷಯ. ನಾನು ಶಿವಮೊಗ್ಗದಲ್ಲಿ ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದ್ದಾಗ ಘಟ್ಟದ ಕಡೆಯಿಂದ ಒಬ್ಬಳು ಹುಡುಗಿ ಬಂದಿದ್ದಳು. ಮಾತ್ರೆ ಬರೆದೆ, ಊತ ಇಳಿಯಿತು. ಊತ ಇಳಿದರೂ ಮಾತ್ರೆ ನಿಲ್ಲಿಸಬಾರದು, ಈ ಕಾಯಿಲೆ ಮತ್ತೆ ಮತ್ತೆ ಬರುತ್ತದೆ ಎಂದು ಕೂರಿಸಿ ಹೇಳಲಿಲ್ಲ. ಹೊರಗೆ ಜನ ಕಾಯ್ತಾ ಇದ್ದರು, ಅವಸರ ಮಾಡಿದೆ. ಮನೆಯವರು ಮಾತ್ರೆ ಬಿಟ್ಟು ಯಾವುದೋ ಬೇರಿನ ಕಷಾಯ ಹಿಡಿದರು. ಆಷಾಢದ ಮಳೆಯಲ್ಲಿ ಎತ್ತಿಕೊಂಡು ಬಂದಾಗ ಹೊಟ್ಟೆ ಬಿಗಿದು ನಗಾರಿಯಂತಾಗಿತ್ತು, ಮೈ ಸುಡುತ್ತಿತ್ತು. ಹೊಟ್ಟೆಯ ನೀರಿಗೆ ಸೋಂಕು ತಗುಲಿತ್ತು. ಹುಡುಗಿ ಉಳಿದಳು. ತಪ್ಪು ಆ ಮನೆಯವರದ್ದಲ್ಲ, ಹೇಳದ ನನ್ನದು.

ಅದಕ್ಕೇ ನಿಮಗೆ ಬಿಡಿಸಿ ಹೇಳುತ್ತೇನೆ. ಮೊದಲ ಸಲ 6 ವಾರ ದಿನವೂ ಮಾತ್ರೆ. ಆಮೇಲೆ 6 ವಾರ ಕಡಿಮೆ ಪ್ರಮಾಣದಲ್ಲಿ ದಿನ ಬಿಟ್ಟು ದಿನ. ಬೆಳಿಗ್ಗೆ ತಿಂಡಿ ಆದ ಮೇಲೆ ಕೊಡಿ. ತಟ್ಟನೆ ನಿಲ್ಲಿಸಿದರೆ ಅಪಾಯ. ಮೈ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ದುಂಡು ಮುಖ, ಹಸಿವು, ಹಟ ಎಲ್ಲ ಮಾತ್ರೆಯಿಂದಲೇ. ಮಾತ್ರೆ ಇಳಿದ ಹಾಗೆ ಅವೂ ಇಳಿಯುತ್ತವೆ.

ಹೆಚ್ಚಿನ ಮಕ್ಕಳಿಗೆ ಇದು ಒಮ್ಮೆಯಾದರೂ ಮರುಕಳಿಸುತ್ತದೆ, ಎಷ್ಟೋ ಸಲ ಸುಮ್ನೆ ಒಂದು ಶೀತದ ನೆಪದಲ್ಲಿ. ನಮ್ಮ ಮಳೆಗಾಲದಲ್ಲಿ ಶೀತ ತಪ್ಪಿಸಲಿಕ್ಕೆ ಆಗುತ್ತಾ? ಹಾಗಾಗಿ ಮನೆಯಲ್ಲೇ ಮೂತ್ರ ನೋಡಿ. ಬೆಳಗಿನ ಮೊದಲ ಮೂತ್ರದಲ್ಲಿ ಪ್ರೋಟೀನ್ ತೋರಿಸುವ ಪರೀಕ್ಷಾ ಪಟ್ಟಿ ಅದ್ದಿ. ಹಳದಿಯಾಗೇ ಉಳಿದರೆ ಪ್ರೋಟೀನ್ ಇಲ್ಲ, ಹಸಿರು ಗಾಢವಾದಷ್ಟೂ ಜಾಸ್ತಿ. 3 ಪ್ಲಸ್ ಅಥವಾ 4 ಪ್ಲಸ್ ಸಾಲಾಗಿ 3 ದಿನ ಬಂದರೆ ಮರುಕಳಿಸಿದೆ ಎಂದು ಅರ್ಥ. ಊತ ಬರುವ ತನಕ ಕಾಯಬೇಡಿ. ನನ್ನಲ್ಲಿಗೆ ಬರುವ ಒಬ್ಬ ತಾಯಿ ಡೈರಿಗೆ ಹಾಲು ಹಾಕುವ ಲೆಕ್ಕದ ಪುಸ್ತಕದಲ್ಲೇ ಬರೆಯುತ್ತಾರೆ. ಎಡಕ್ಕೆ ಎಷ್ಟು ಲೀಟರ್ ಹಾಲು, ಬಲಕ್ಕೆ ಮಗನ ಪ್ಲಸ್ಸು. ನಾಲ್ಕು ವರ್ಷದ ಕಾಯಿಲೆ ಆ ಪುಸ್ತಕದಲ್ಲಿ ಒಂದು ನೋಟಕ್ಕೆ ಸಿಗುತ್ತದೆ. ಅಂಥ ಪುಸ್ತಕ ಎಷ್ಟೋ ಲ್ಯಾಬ್ ರಿಪೋರ್ಟಿಗಿಂತ ನನಗೆ ಹೆಚ್ಚು.

ಜ್ವರದ ಜೊತೆ ಹೊಟ್ಟೆನೋವು, ನಿಲ್ಲದ ವಾಂತಿ, ಒಂದೇ ಕಾಲು ಊದಿ ನೋವು ಬಂದರೆ ಆ ರಾತ್ರಿಯೇ ಹೊರಡಿ. ಪಕ್ಕದ ಮನೆಯಲ್ಲಿ ಯಾರಿಗಾದರೂ ಅಮ್ಮ ಎದ್ದಿದ್ದರೆ, ಅದೇ ಚಿಕನ್‌ಪಾಕ್ಸ್, ಆಗಲೂ ಕೂಡಲೇ ಡಾಕ್ಟರಿಗೆ ತಿಳಿಸಿ.

ಪ್ರಶ್ನೆ: ನನ್ನ ಮಗಳಿಗೆ 7 ವರ್ಷ. 6 ವಾರ ಸ್ಟೀರಾಯ್ಡ್ ಕೊಟ್ಟರೂ ಪ್ರೋಟೀನ್ ನಿಲ್ಲಲಿಲ್ಲ. ಬಯಾಪ್ಸಿಯಲ್ಲಿ ಮಿನಿಮಲ್ ಚೇಂಜ್ ಎಂದು ಬಂತು. ಈಗ ಬೇರೆ ಡಾಕ್ಟರು, ಎಫ್‌ಎಸ್‌ಜಿಎಸ್ ಕೂಡ ಇರಬಹುದು ಅಂತಾರೆ. ರಿಪೋರ್ಟ್ ಸುಳ್ಳಾ?
– ಒಬ್ಬ ತಂದೆ, ಸಾಗರ

ಉತ್ತರ: ಸುಳ್ಳಲ್ಲ ಸಾರ್. ನಿಮ್ಮದು ಅಡಿಕೆ ಸೀಮೆ, ಹಾಗಾಗಿ ತೋಟದ ಮಾತಲ್ಲೇ ಹೇಳುತ್ತೇನೆ. ಕೊಳೆರೋಗ ತಗ್ಗಿನ ಸಾಲಿನಲ್ಲಿ ಶುರುವಾಗಿದೆ, ನೋಡಲು ಬಂದವರು ಅಂಚಿನ ನಾಲ್ಕು ಮರ ನೋಡಿ ಹೋದರು. ಅವರು ಕಂಡದ್ದನ್ನೇ ಹೇಳಿದರು, ಅಲ್ವಾ? ಎಫ್‌ಎಸ್‌ಜಿಎಸ್‌ನಲ್ಲಿ ಕೆಲವು ಸೋಸುಗಗಳಲ್ಲಿ (ಕಿಡ್ನಿಯಲ್ಲಿ ರಕ್ತ ಸೋಸುವ ಪುಟ್ಟ ಜಾಗಗಳು) ಮಾತ್ರ, ಅದೂ ಒಂದೊಂದು ಭಾಗದಲ್ಲಿ, ಗಾಯದ ಕಲೆ ಕಟ್ಟುತ್ತದೆ. ಶುರುವಾಗುವುದು ಹೆಚ್ಚಾಗಿ ಕಿಡ್ನಿಯ ಒಳಪದರದ ಹತ್ತಿರ. ಸೂಜಿಗೆ ಸಿಕ್ಕ ಚೂರಿನಲ್ಲಿ ಕೆಲವೇ ಸೋಸುಗಗಳಿದ್ದರೆ ಕಲೆ ತಪ್ಪಿಹೋಗಬಹುದು. ರಿಪೋರ್ಟಿನಲ್ಲಿ ಎಷ್ಟು ಸೋಸುಗ ನೋಡಿದ್ದಾರೆ, ನಡುವಿನ ಜಾಗದಲ್ಲಿ ನಾರುಗಟ್ಟಿದೆಯಾ ಎಂಬ ಎರಡು ಸಾಲು ಹುಡುಕಿ. ನಾರು ಜಾಸ್ತಿ ಇದ್ದಷ್ಟೂ ಕಿಡ್ನಿಗೆ ಮುಂದೆ ಕಷ್ಟ.

ಹೆಸರು ಯಾವುದೇ ಇರಲಿ, ಈಗ ನೋಡಬೇಕಾದ್ದು ಮುಂದಿನ ಔಷಧಿಗೆ ಮಗು ಹೇಗೆ ಸ್ಪಂದಿಸುತ್ತಾಳೆ ಎಂದು. ಟ್ಯಾಕ್ರೊಲಿಮಸ್ ಅಥವಾ ಸೈಕ್ಲೋಸ್ಪೊರಿನ್‌ನಿಂದ ಎಷ್ಟೋ ಮಕ್ಕಳಲ್ಲಿ ಪ್ರೋಟೀನ್ ಪೂರ್ತಿ ನಿಂತಿದೆ, ಇನ್ನು ಕೆಲವರಲ್ಲಿ ಅರ್ಧ ಇಳಿದಿದೆ. ಅರ್ಧ ಇಳಿದರೂ ಕಿಡ್ನಿಗೆ ಅದು ದೊಡ್ಡ ಲಾಭ. ಇದಕ್ಕೆ ತಿಂಗಳುಗಳೇ ಬೇಕು, ನಡುನಡುವೆ ರಕ್ತದಲ್ಲಿ ಔಷಧಿಯ ಮಟ್ಟ ನೋಡಬೇಕು. ಜೀನ್ ಪರೀಕ್ಷೆ ಬೇಕಾ ಎಂದು ಮಕ್ಕಳ ಕಿಡ್ನಿ ತಜ್ಞರನ್ನು ಕೇಳಿ. ಜೀನ್‌ನಿಂದಲೇ ಬಂದ ಕಾಯಿಲೆಗೆ ಈ ಔಷಧಿಗಳು ಸಾಮಾನ್ಯವಾಗಿ ನಾಟುವುದಿಲ್ಲ, ಆಗ ಮಗುವಿಗೆ ವೃಥಾ ಸ್ಟೀರಾಯ್ಡ್ ತಿನ್ನಿಸುವುದು ತಪ್ಪುತ್ತದೆ.

ಪ್ರಶ್ನೆ: ನೆಫ್ರಾಟಿಕ್ ಇರುವ ನನ್ನ ಮೊಮ್ಮಗ ಉಪ್ಪಿನಕಾಯಿಗೆ ಅಳುತ್ತಾನೆ. ಜನ್ಮಕ್ಕೇ ಬಿಡಿಸಬೇಕಾ?
– ಒಬ್ಬ ಅಜ್ಜಿ, ತೀರ್ಥಹಳ್ಳಿ

ಉತ್ತರ: ಇಲ್ಲ ಅಜ್ಜಿ. ಊತ ಇರುವಾಗ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬೇಡ. ಬೇಳೆ, ಮೊಟ್ಟೆ, ಹಾಲು ಎಂದಿನಂತೆ ಕೊಡಿ. ಊತ ಇಳಿದು ಮೂತ್ರ ಸರಿಯಾದ ಮೇಲೆ ಗಂಜಿ ಜೊತೆ ಮಿಡಿಯ ಒಂದು ಸಣ್ಣ ಚೂರು ನೀವೇ ಕೈಯಾರೆ ಕೊಡಿ.