ಪೋಕರ್ ಹೊಸದಾಗಿ ಕಲಿಯುವವರು ಬ್ಲಫ್‌ನಿಂದ ಶುರು ಮಾಡಬಹುದಾ?

ಮುಂದಿನ ತಿಂಗಳು ಪಣಜಿ ಕ್ಯಾಸಿನೋಗೆ ಹೋಗ್ತೀರಿ, ಅಷ್ಟರಲ್ಲಿ ಬ್ಲಫ್ (ಕೆಟ್ಟ ಎಲೆ ಇಟ್ಟುಕೊಂಡೂ ಒಳ್ಳೆಯದಿದೆ ಅನ್ನೋ ಹಾಗೆ ದುಡ್ಡು ಕಟ್ಟೋದು) ಕಲಿಯಬೇಕು, ಅಲ್ವಾ? ನಾನೂ ಕಾರವಾರದವನು. ಇದೇ ಹುಮ್ಮಸ್ಸಿನಲ್ಲಿ ಕಾಳಿ ಸೇತುವೆ, ಮಾಜಾಳಿ ದಾಟಿ ಹೋಗಿದ್ದೆ.

ದೀಪಾವಳಿಯ ತೀನ್ ಪತ್ತಿ ಬಿಟ್ಟರೆ ನನಗೇನೂ ಗೊತ್ತಿರಲಿಲ್ಲ. ಅದರಲ್ಲಿ ಕಲರ್‌ಗಿಂತ (ಎಲ್ಲಾ ಒಂದೇ ಜಾತಿಯ ಎಲೆ) ಸೀಕ್ವೆನ್ಸ್ (ಸಾಲಾಗಿ ಬರುವ ಎಲೆ) ದೊಡ್ಡದು, ಪೋಕರ್‌ನಲ್ಲಿ ಸೀಕ್ವೆನ್ಸ್‌ಗಿಂತ ಕಲರ್ ದೊಡ್ಡದು. ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು. ಏಳರಲ್ಲಿ ಒಳ್ಳೆಯ ಐದು ಲೆಕ್ಕಕ್ಕೆ.

ನನ್ನ ಕೈಯಲ್ಲಿ ಕಳಾವರ್ ಎಕ್ಕ, ಕಳಾವರ್ ಐದು. ಮೇಜಿನ ಮೊದಲ ಮೂರು ಎಲೆಯಲ್ಲಿ ಕಳಾವರ್ ರಾಜ, ಕಳಾವರ್ ಒಂಬತ್ತು. ಇನ್ನೊಂದು ಕಳಾವರ್ ಬಿದ್ದರೆ ಕಲರ್. ಅವಕಾಶ ಸುಮಾರು 35%, ಮೂರರಲ್ಲಿ ಒಂದು. ಇದನ್ನು ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ. ನಾಲ್ಕನೇ ಎಲೆ ಆಟೀನ್ ಗುಲಾಮ. ಮಧ್ಯದಲ್ಲಿ 3,000 ಇತ್ತು, ಎದುರಿನವರು ಮತ್ತೆ 3,000 ಕಟ್ಟಿದರು. ನಾನು 3,000 ಹಾಕಿದರೆ 6,000 ಸಿಗುತ್ತೆ, ಮೂರರಲ್ಲಿ ಒಂದು ಸಲ ಗೆದ್ದರೂ ನಷ್ಟ ಇಲ್ಲ ಅಂದುಕೊಂಡೆ.

ಎಡವಿದ್ದು ಇಲ್ಲೇ. ಮೂರರಲ್ಲಿ ಒಂದು ಅನ್ನೋದು ಎರಡು ಎಲೆ ಬಾಕಿ ಇದ್ದಾಗಿನ ಲೆಕ್ಕ. ಈಗ ಬಾಕಿ ಒಂದೇ ಎಲೆ. ನಾನು ಕಂಡಿದ್ದು 6, ಕಾಣದ್ದು 46, ಅದರಲ್ಲಿ ಕಳಾವರ್ 9. ಅಂದರೆ ಐದರಲ್ಲಿ ಒಂದು ಮಾತ್ರ! ಕಲರ್ ಆದರೆ ಮಾತ್ರ ಗೆಲುವು ಅಂತ ಇಟ್ಟುಕೊಂಡರೆ, ಇದೇ ಪಂದ್ಯ 46 ಸಲ ಕಟ್ಟಿದಾಗ 9 ಸಲ ಗೆದ್ದು 54,000 ಬರುತ್ತೆ, 37 ಸಲ ಸೋತು 1,11,000 ಹೋಗುತ್ತೆ. ಎಷ್ಟು ಎಲೆ ಬಾಕಿ ಅಂತ ಒಂದು ಸಲ ಎಣಿಸಿದ್ದರೆ ಸಾಕಿತ್ತು. ಕೊನೆಗೆ ಬಿದ್ದಿದ್ದು ಡೈಮನ್ ಎರಡು. ಎದುರಿನವರು ರಾಜನ ಜೋಡಿ ತೋರಿಸಿ ಅಷ್ಟೂ ಚಿಪ್ಸ್ ಎಳೆದುಕೊಂಡರು.

ಅದಕ್ಕೇ ಹೇಳ್ತೀನಿ, ಬ್ಲಫ್ ಬಿಡಿ. ಪ್ಯಾಕ್ ಆಗೋದನ್ನು, ಅಂದರೆ ಎಲೆ ಬಿಸಾಡಿ ಆ ಆಟ ಬಿಡೋದನ್ನು ಮೊದಲು ಕಲಿಯಿರಿ, ಪೋಕರ್‌ನಲ್ಲಿ ಅದನ್ನೇ ಫೋಲ್ಡ್ ಅಂತಾರೆ. ಎದುರಿನವರು ಎಲೆ ಬಿಸಾಡಿದರೆ ತಾನೇ ಬ್ಲಫ್ ಗೆಲ್ಲೋದು? ಎಷ್ಟಾದರೂ ಕಟ್ಟಿ ನೋಡಿಯೇ ಬಿಡೋಣ ಅಂತ ಕೂತವರ ಮುಂದೆ ಅದು ನಡೆಯಲ್ಲ. ಟ್ರಿಪ್ ಮುಂದಕ್ಕೆ ಹಾಕಿ. ಮೊಬೈಲಿನಲ್ಲಿ ದುಡ್ಡು ಕಟ್ಟಿ ಪ್ರಾಕ್ಟೀಸ್ ಮಾಡೋದಂತೂ ಬೇಡವೇ ಬೇಡ, 2025ರ ಕೇಂದ್ರ ಕಾಯ್ದೆ ಅಂಥ ಆಟಗಳನ್ನು ನಿಷೇಧಿಸಿದೆ. ಮನೆಯಲ್ಲೇ ನಾಲ್ಕು ಜನ ಸೇರಿ ಹುಣಸೆ ಬೀಜ ಇಟ್ಟು ಆಡಿ. ಬೀಜ ಮುಂದೆ ತಳ್ಳುವ ಮೊದಲು ಪ್ರತಿ ಸಲ ಇನ್ನೆಷ್ಟು ಎಲೆ ಬಾಕಿ ಅಂತ ಬಾಯಿಬಿಟ್ಟು ಹೇಳಿ.