ಅಳಿಯನ ಬಾಣೆಯಲ್ಲಿ ಮನೆ: ಒಂದು ಆಪ್ತಸಲಹೆ ಪ್ರಕರಣ

ದಂಪತಿಯ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಪತಿಗೆ 66 ವರ್ಷ. ದಾವಣಗೆರೆಯಲ್ಲಿ ಬ್ಯಾಂಕ್ ವ್ಯವಸ್ಥಾಪಕರಾಗಿ ನಿವೃತ್ತರಾದವರು. ಪತ್ನಿಗೆ 61, ಗೃಹಿಣಿ. ಮಗಳನ್ನು ಕೊಡಗಿಗೆ ಕೊಟ್ಟು 11 ವರ್ಷಗಳಾಗಿವೆ. ಅಳಿಯನದು ಸುಂಟಿಕೊಪ್ಪದಿಂದ ಒಳಗೆ, ಮಾದಾಪುರದ ಕಡೆಗಿರುವ ಕಾಫಿ ತೋಟ. ಮಗಳು ಕುಶಾಲನಗರದ ಶಾಲೆಯೊಂದರಲ್ಲಿ ಶಿಕ್ಷಕಿ, ಮೊಮ್ಮಗಳು ಅದೇ ಶಾಲೆಯಲ್ಲಿ ಎರಡನೇ ತರಗತಿ. ಮಗ ಪುಣೆಯಲ್ಲಿದ್ದಾನೆ. ಪತಿಗೆ ಹೃದಯದ ರಕ್ತನಾಳದಲ್ಲಿ ಅಡಚಣೆ ಕಂಡು ಸ್ಟೆಂಟ್ ಹಾಕಿಸಿದ ಮೇಲೆ, ಇನ್ನು ಇಬ್ಬರೇ ದಾವಣಗೆರೆಯಲ್ಲಿರುವುದು ಬೇಡ, ಮಗಳ ಹತ್ತಿರಕ್ಕೆ ಬರುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಬರುವ ವಿಷಯದಲ್ಲಿ ಯಾರಿಗೂ ತಕರಾರಿರಲಿಲ್ಲ. ಬಂದು ಎಲ್ಲಿರುವುದು, ಮನೆ ಕಟ್ಟಿಸುವುದೋ ಕಟ್ಟಿದ್ದನ್ನು ಕೊಳ್ಳುವುದೋ ಎಂಬಲ್ಲಿ ಮಾತು ನಿಂತುಹೋಗಿತ್ತು.

2025ರ ಫೆಬ್ರುವರಿಯಲ್ಲಿ ಮೊದಲು ಫೋನ್ ಮಾಡಿದವಳು ಮಗಳು. "ಮನೆ ವಿಷಯ ಎತ್ತಿದರೆ ಸಾಕು, ಇಬ್ಬರಲ್ಲಿ ಒಬ್ಬರು ತಟ್ಟೆ ಬಿಟ್ಟು ಏಳುತ್ತಾರೆ. ಒಂದು ಸಲ ಕೂರಿಸಿ ಮಾತಾಡಿಸಿ, ಮೇಡಂ" ಎಂದಳು. ಆಸ್ತಿ ವ್ಯವಹಾರಕ್ಕೆ ಆಪ್ತಸಲಹೆಗಾರರ ಬಳಿ ಬರುವವರು ಕಡಿಮೆ. ವಕೀಲರ ಬಳಿಗೋ ದಲ್ಲಾಳಿಯ ಬಳಿಗೋ ಹೋಗುತ್ತಾರೆ. ತಟ್ಟೆ ಬಿಟ್ಟು ಏಳುವ ಮಾತು ಬಂದದ್ದರಿಂದ ನಾನು ಒಪ್ಪಿಕೊಂಡೆ.

ಮೊದಲ ಭೇಟಿಯಲ್ಲಿ ಯಜಮಾನರು ಮೇಜಿನ ಮೇಲೆ ನಕ್ಷೆಯೊಂದನ್ನು ಬಿಚ್ಚಿ ನಾಲ್ಕು ಮೂಲೆಗೂ ನನ್ನ ಪುಸ್ತಕಗಳನ್ನೇ ಭಾರಕ್ಕಿಟ್ಟರು. ಅಳಿಯ ತನ್ನ ತೋಟದಂಚಿನ ಬಾಣೆಯಲ್ಲಿ, ಅಂದರೆ ಗದ್ದೆಯ ಮೇಲಿನ ಎತ್ತರದ ನೆಲದಲ್ಲಿ, ಜಾಗ ತೋರಿಸಿ, "ಮಾವ, ಇಲ್ಲೇ ಕಟ್ಟಿಸಿ, ಜಾಗಕ್ಕೆ ದುಡ್ಡು ಕೊಡುವ ಮಾತೇ ಬೇಡ" ಎಂದಿದ್ದನಂತೆ. ಬ್ಯಾಂಕಿನಲ್ಲಿ 30 ವರ್ಷ ಬೇರೆಯವರ ಮನೆಸಾಲಕ್ಕೆ ಸಹಿ ಹಾಕಿ, ಬಾಡಿಗೆ ಮನೆಗಳಲ್ಲಿದ್ದು, ಕೊನೆಗೆ ದಾವಣಗೆರೆಯಲ್ಲೂ ಇನ್ನೊಬ್ಬರು ಕಟ್ಟಿದ ಮನೆಯನ್ನೇ ಕೊಂಡವರು ಅವರು. ತಮ್ಮ ಮನಸ್ಸಿನಂತೆ ಒಂದು ಮನೆ ಕಟ್ಟಿಸಬೇಕೆಂಬ ಆಸೆ ಅವರಲ್ಲಿ ಎಷ್ಟು ಹಳೆಯದೆಂದರೆ, ನಕ್ಷೆಯಲ್ಲಿ ಪುಸ್ತಕದ ಕಪಾಟಿನ ಅಳತೆಯೂ ಇತ್ತು. ಪತ್ನಿ ನಕ್ಷೆಯ ಕಡೆ ನೋಡಲೇ ಇಲ್ಲ. ಆಕೆಯ ಮಾತು ಒಂದೇ: "ಕಟ್ಟಿದ ಮನೆ ಕೊಂಡುಕೊಳ್ಳೋಣ. ಇನ್ನು ಮೂರು ವರ್ಷ ಸಿಮೆಂಟಿನ ಲೆಕ್ಕ ನನಗೆ ಬೇಡ."

ಎರಡನೇ ಬಾರಿ ಇಬ್ಬರನ್ನೂ ಬೇರೆ ಬೇರೆಯಾಗಿ ಕಂಡೆ. ಯಜಮಾನರು ಮನೆಯ ಬಗ್ಗೆ ಮಾತಾಡುತ್ತಾ ಮಾತಾಡುತ್ತಾ, ನಿವೃತ್ತರಾದ ಮೇಲೆ ಬೆಳಗ್ಗೆ ಹತ್ತು ಗಂಟೆಗೆ ತಮಗೆ ಏನೂ ತೋಚುವುದಿಲ್ಲವೆಂದು ಹೇಳಿದರು. ಮನೆ ಕಟ್ಟಿಸುವ ಕೆಲಸ ಅವರಿಗೆ ಆ ಹತ್ತು ಗಂಟೆಯ ಪ್ರಶ್ನೆಗೂ ಉತ್ತರವಾಗಿತ್ತು. ಪತ್ನಿ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಅಡುಗೆಮನೆಯ ವಿಷಯ ತೆಗೆದರು. ಅವರು ಮಾಂಸಾಹಾರ ಮುಟ್ಟುವವರಲ್ಲ. ಮಗಳ ಮನೆಯಲ್ಲಿ ಊರಿನ ರೀತಿಯಂತೆ ಹಂದಿಮಾಂಸ, ಕೋಳಿ ಎಲ್ಲವೂ ಆಗುತ್ತದೆ. ಅತ್ತೆ ಬಂದಾಗಲೆಲ್ಲ ಅಳಿಯ ತನ್ನ ಮನೆಯಲ್ಲೇ ಸಂಕೋಚಪಟ್ಟು ಸಾರು-ಪಲ್ಯ ಉಂಡು ಏಳುತ್ತಾನೆ. "ನಾವು ನೂರು ಗಜದಲ್ಲಿ ಮನೆ ಕಟ್ಟಿಕೊಂಡರೆ ಆ ಹುಡುಗ ವರ್ಷಪೂರ್ತಿ ಹಾಗೇ ಉಣ್ಣಬೇಕಲ್ಲ, ಮೇಡಂ. ಅವನು ಒಳ್ಳೆಯವನು, ಬಾಯಿ ಬಿಡುವುದಿಲ್ಲ. ಅದಕ್ಕೇ ನನಗೆ ಹೆದರಿಕೆ" ಎಂದರು. ಇದನ್ನು ಅವರು ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ ಅಳಿಯನ ಮನೆತನವನ್ನು ಕೀಳು ಮಾಡಿದಂತಾಗುತ್ತದೆಂಬ ಅಳುಕು. ಸಿಮೆಂಟಿನ ಲೆಕ್ಕ ನೆಪಕ್ಕೆ ಬಂದಿತ್ತು.

ಆಕೆಯ ಅನುಮತಿ ಪಡೆದು ಮುಂದಿನ ಭೇಟಿಗೆ ಮಗಳನ್ನೂ ಅಳಿಯನನ್ನೂ ಕರೆಸಿದೆ. ಬಾಣೆಯ ಜಾಗದ ಬಗ್ಗೆ ನಾನು ಕೇಳಿದ ಮೊದಲ ಪ್ರಶ್ನೆ, ಪಹಣಿಯಲ್ಲಿ ಯಾರ ಹೆಸರಿದೆ ಎಂಬುದು. ಹೊರಗಿನಿಂದ ಬಂದವರಿಗೆ ಇದು ತಿಳಿದಿರುವುದಿಲ್ಲವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಕೊಡಗಿನಲ್ಲಿ ಬಾಣೆಯೆಂದರೆ ಮೂಲತಃ ಗದ್ದೆಗೆ ಹೊಂದಿಕೊಂಡು ಸೊಪ್ಪು, ಸೌದೆ, ಮೇವಿಗಾಗಿ ಬಿಟ್ಟುಕೊಟ್ಟ ಎತ್ತರದ ಜಾಗ; ಆಮೇಲೆ ಅಲ್ಲೆಲ್ಲ ಕಾಫಿ ಬಂತು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆಯಾಗಿದ್ದರೆ ಅದು ಒಕ್ಕದ, ಅಂದರೆ ಇಡೀ ಮನೆತನದ, ಸ್ವತ್ತು. ದಾಖಲೆಯಲ್ಲಿ ಪಟ್ಟೇದಾರರ, ಅಂದರೆ ಒಕ್ಕದ ಹಿರಿಯರ, ಹೆಸರಿರುತ್ತದೆ, ಅವರೊಡನೆ ಕುಟುಂಬದ ಉಳಿದವರ ಹಕ್ಕು ಇರುತ್ತದೆ, ಯಾರು ಯಾವ ಭಾಗದಲ್ಲಿ ತೋಟ ಮಾಡಬೇಕೆಂಬುದು ಎಷ್ಟೋ ಕಡೆ ತಲೆಮಾರಿನಿಂದ ಬಂದ ಒಪ್ಪಂದದ ಮೇಲೆ ನಡೆಯುತ್ತದೆ. ಅಳಿಯ ತೋರಿಸಿದ ಜಾಗವೂ ಅಂಥದ್ದೇ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ತನ್ನ ದೊಡ್ಡಪ್ಪನ ಮಕ್ಕಳು ಬೇಡವೆನ್ನುವುದಿಲ್ಲ ಎಂದೇ ಅವನು ನಂಬಿದ್ದ. ಆದರೆ ಬೇಡವೆನ್ನುವುದಿಲ್ಲ ಎಂಬುದು ಕ್ರಯಪತ್ರವಾಗುವುದಿಲ್ಲ. ಕಟ್ಟಡವು ಭೂಮಿಯ ಜೊತೆಗೇ ಹೋಗುತ್ತದೆ. ಮಾವನ ನಿವೃತ್ತಿಯ ಹಣವೆಲ್ಲ ಸುರಿದ ಮನೆ ಒಕ್ಕದ ಜಾಗದ ಮೇಲೆ ನಿಂತಿರುತ್ತದೆ. ನಾಳೆ ಮಾರಬೇಕೆಂದರೆ ಮಾರಲಾಗದು, ಅಡವಿಡಬೇಕೆಂದರೆ ಬ್ಯಾಂಕು ಒಪ್ಪದು. ಈ ಕೊನೆಯ ಮಾತನ್ನು ನಾನು ಹೇಳುವ ಮೊದಲೇ ಯಜಮಾನರು ತಲೆಯಾಡಿಸಿದರು. ಬೇರೆಯವರ ಕಡತದಲ್ಲಾಗಿದ್ದರೆ ಅವರೇ ಆ ಅರ್ಜಿಯನ್ನು ವಾಪಸು ಕಳುಹಿಸುತ್ತಿದ್ದರು.

ಜಾಗದ ಇಳಿಜಾರಿನ ಬಗ್ಗೆ ಹೇಳಲು ನಾನು ಇಂಜಿನಿಯರ್ ಅಲ್ಲ. ಆದರೂ 2018ರ ಆಗಸ್ಟಿನಲ್ಲಿ ಮಾದಾಪುರ, ಮಕ್ಕಂದೂರು, ಹಟ್ಟಿಹೊಳೆಯ ಕಡೆ ಗುಡ್ಡ ಕುಸಿದದ್ದನ್ನು ನೋಡಿದವರು ಯಾರೂ ಗುಡ್ಡ ಕೊರೆದು ಸಮತಟ್ಟು ಮಾಡಿದ ಜಾಗವನ್ನು ನೋಡಿ ಸುಮ್ಮನಿರಲಾರರು. ಬಯಲುಸೀಮೆಯ ಲೆಕ್ಕದಲ್ಲಿ ನೆಲಗಟ್ಟು, ಗೋಡೆ, ತಾರಸಿ ಎಂದು ಅಂದಾಜುಪಟ್ಟಿ ಮಾಡಿದ್ದ ಯಜಮಾನರು ಬರೆಗೆ (ಗುಡ್ಡ ಕಡಿದಲ್ಲಿ ಉಳಿಯುವ ಕಡಿದಾದ ಮಣ್ಣಿನ ಅಂಚಿಗೆ) ತಡೆಗೋಡೆ, ನೀರು ಹರಿದುಹೋಗುವ ಚರಂಡಿ, ತಾರಸಿಯ ಮೇಲೆ ಮತ್ತೆ ಶೀಟಿನ ಮಾಡು, ಇವುಗಳನ್ನು ಸೇರಿಸಿಯೇ ಇರಲಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ; ದಾವಣಗೆರೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಕೆಲಸ ನಿಲ್ಲುವುದರಿಂದ ಇಲ್ಲಿ ಮನೆ ಕಟ್ಟುವವರಿಗೆ ವರ್ಷವೆಂದರೆ ಏಳೆಂಟು ತಿಂಗಳು, ಅದರಲ್ಲೂ ಕಾಫಿ ಕೊಯ್ಲಿನ ಹೊತ್ತಿಗೆ ಕೂಲಿಯಾಳು ಸಿಗುವುದು ಕಷ್ಟ.

ಇಷ್ಟೆಲ್ಲ ಚರ್ಚೆಯಾದರೂ ಪ್ರಕರಣಕ್ಕೆ ತಿರುವು ಬಂದದ್ದು ಬೇರೊಂದು ಕಡೆಯಿಂದ. ಮಗಳ ದಿನಚರಿಯನ್ನು ಬರೆಯಿಸಿದೆ. ಬೆಳಗ್ಗೆ ಏಳೂವರೆಗೆ ಮಗುವಿನೊಂದಿಗೆ ತೋಟದಿಂದ ಹೊರಟರೆ ಎಂಟೂವರೆಗೆ ಕುಶಾಲನಗರದ ಶಾಲೆ. ಸಂಜೆ ಐದೂವರೆಗೆ ವಾಪಸು. ಅಳಿಯ ಹಗಲೆಲ್ಲ ತೋಟದಲ್ಲಿ. ಅಂದರೆ ಬಾಣೆಯ ಮನೆಯಲ್ಲಿ ವಾರದ ಐದು ದಿನ ಹಗಲು ಈ ಇಬ್ಬರೇ. ಮಗಳ ಹತ್ತಿರಕ್ಕೆಂದು ಬಂದವರು ಮಗಳು ಇರುವ ಊರಿನಿಂದ ದೂರ ಉಳಿಯುತ್ತಾರೆ. ಆಮೇಲೆ ಪತ್ನಿಯನ್ನು ಕೇಳಿದೆ: "ನಿಮಗೆ ಗಾಡಿ ಓಡಿಸಲು ಬರುತ್ತದೆಯೇ?" ಬರುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡ ಯಜಮಾನರಿಗೆ ಮಳೆಗಾಲದ ರಾತ್ರಿ ಎದೆ ಹಿಡಿದರೆ ಗಾಡಿಯ ಕೀಲಿ ಯಾರ ಕೈಯಲ್ಲಿ ಎಂಬ ಪ್ರಶ್ನೆಗೆ ಎಲ್ಲರೂ ಅಳಿಯನ ಮುಖ ನೋಡಿದರು. ಅಳಿಯ, ದಾರಿಯಲ್ಲಿ ಮರ ಬಿದ್ದಿದ್ದರೆ ತಾನೂ ಏನೂ ಮಾಡಲಾರೆನೆಂದು ತಾನಾಗಿಯೇ ಹೇಳಿದ. ಜಾಗ ಕೊಡಲು ಬಂದವನೇ ಅದರ ವಿರುದ್ಧವಾಗಿ ಮಾತಾಡಿದ್ದು ಯಜಮಾನರ ಮೇಲೆ ನನ್ನ ಎಲ್ಲ ವಿವರಣೆಗಿಂತ ಹೆಚ್ಚು ಪರಿಣಾಮ ಮಾಡಿತು.

ನಾನು ಕೊಟ್ಟ ಸಲಹೆ, ಈ ವರ್ಷ ಕಟ್ಟಲೂ ಬೇಡ, ಕೊಳ್ಳಲೂ ಬೇಡ ಎಂಬುದು. ಕುಶಾಲನಗರದಲ್ಲಿ ಮಗಳ ಶಾಲೆಗೆ ನಡೆದುಹೋಗುವಷ್ಟು ದೂರದಲ್ಲಿ, ನೆಲಮಹಡಿಯ ಮನೆಯೊಂದನ್ನು 11 ತಿಂಗಳ ಕರಾರಿಗೆ ಬಾಡಿಗೆಗೆ ಹಿಡಿದು ಒಂದು ಮಳೆಗಾಲ ಕಳೆಯಿರಿ. ದಾವಣಗೆರೆಯ ಮನೆಯನ್ನು ಅಲ್ಲಿಯವರೆಗೆ ಮಾರಬೇಡಿ ಎಂದೆ. ಮಾರುವ ಮೊದಲು ಲೆಕ್ಕಪರಿಶೋಧಕರನ್ನು ಕಾಣಲು ಹೇಳಿದೆ. ವಾಸದ ಮನೆ ಮಾರಿ ಬಂದ ಲಾಭಕ್ಕೆ ತೆರಿಗೆ ವಿನಾಯಿತಿ ಬೇಕಾದರೆ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಬೇಕು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿ ಮುಗಿಸಬೇಕು. ಅಷ್ಟರವರೆಗೆ ಬಳಕೆಯಾಗದ ಹಣವನ್ನು ರಿಟರ್ನ್ಸ್ ಸಲ್ಲಿಸುವ ಗಡುವಿನ ಮೊದಲು ಬ್ಯಾಂಕಿನ ಬಂಡವಾಳ ಲಾಭದ ವಿಶೇಷ ಖಾತೆಯಲ್ಲಿಡಬೇಕು. ಕಾನೂನಿನ ಆ ಮೂರು ವರ್ಷ ಕೊಡಗಿನಲ್ಲಿ ಮೂರು ಬೇಸಿಗೆಗಳಷ್ಟೇ. ಗಡಿಬಿಡಿಯಲ್ಲಿ ಮಾರಿ, ಗಡುವಿಗೆ ಹೆದರಿ ಸಿಕ್ಕಿದ ಜಾಗದಲ್ಲಿ ಪಾಯ ಹಾಕಿದವರನ್ನು ನೋಡಿದ್ದೇನೆ.

ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಬ್ಬರ ಹೆಸರಿನಲ್ಲೂ ಇಟ್ಟಿರುವ ಹಣಕ್ಕೆ, ಮನೆ ಎಷ್ಟೇ ಚೆನ್ನಾಗಿದ್ದರೂ, ಕೈ ಹಾಕಬಾರದೆಂಬುದು ನನ್ನ ಇನ್ನೊಂದು ಷರತ್ತಾಗಿತ್ತು. ಮೂರು ತಿಂಗಳಿಗೊಮ್ಮೆ ಬರುವ ಆ ಬಡ್ಡಿಯೇ ಔಷಧದ ಖರ್ಚು.

ಮೇ ತಿಂಗಳ ಮೊದಲ ವಾರ ಅವರು ಬಾಡಿಗೆ ಮನೆಗೆ ಬಂದರು. ಆ ವರ್ಷ ಮುಂಗಾರು ಮೇ ಕೊನೆಗೇ ಹಿಡಿದುಕೊಂಡಿತು. ಕುಶಾಲನಗರದಲ್ಲಿ ಮಡಿಕೇರಿಯ ಅರ್ಧದಷ್ಟೂ ಮಳೆಯಿಲ್ಲ. ಆದರೂ ಬಟ್ಟೆ ಒಣಗದೆ, ಕಪಾಟಿನ ಪುಸ್ತಕಗಳಿಗೆ ಬೂಷ್ಟು ಹಿಡಿದು, ತೋಟದಲ್ಲಿ ದಿನಗಟ್ಟಲೆ ಕರೆಂಟಿಲ್ಲದೆ ಮಗಳ ಫೋನೂ ಸಿಗದೆ ಹೋದಾಗ ಯಜಮಾನರು ನಕ್ಷೆಯ ಮಾತು ಬಿಟ್ಟರು. ಶಾಲೆ ಬಿಟ್ಟ ಮೇಲೆ ಮೊಮ್ಮಗಳು ಅಜ್ಜಿಯ ಮನೆಗೆ ಬಂದು, ತಾಯಿ ಕೆಲಸ ಮುಗಿಸಿ ಬರುವವರೆಗೆ ಇರುವುದು ರೂಢಿಯಾಯಿತು. ಇಲ್ಲಿ ಒಂದು ಗಡಿ ಹಾಕಿಕೊಳ್ಳಲು ಸೂಚಿಸಿದ್ದೆ: ಬುಧವಾರ ಮಗು ತಾಯಿಯ ಜೊತೆ ಶಾಲೆಯಲ್ಲೇ ಉಳಿಯಬೇಕು, ಅಂದು ಅಜ್ಜ-ಅಜ್ಜಿಗೆ ರಜೆ. ಅಜ್ಜಿಗೆ ಮೊದಲು ಇದು ಕಠೋರವೆನಿಸಿತು. ಮೊಮ್ಮಗಳನ್ನು ನೋಡಿಕೊಳ್ಳುವುದು ಪ್ರೀತಿಯಿಂದ ಶುರುವಾಗಿ ಸೊಂಟನೋವಿನಲ್ಲಿ ಮುಗಿದ ಪ್ರಕರಣಗಳು ನನ್ನ ಬಳಿ ಸಾಕಷ್ಟಿವೆ. ಭಾನುವಾರ ಮಾತ್ರ ತೋಟಕ್ಕೆ ಹೋಗುವುದು, ಅಳಿಯ ತನಗೆ ಬೇಕಾದ್ದನ್ನು ಬೇಯಿಸಿ ಉಣ್ಣುವುದು, ಅತ್ತೆಯ ಬುತ್ತಿ ಅತ್ತೆಯದು ಎಂದು ಅಡುಗೆಯ ವಿಷಯವೂ ಬಾಯಿಬಿಟ್ಟು ತೀರ್ಮಾನವಾಯಿತು. ಆ ಮಾತು ಆಡಿದ ದಿನ ಅಳಿಯ ಜೋರಾಗಿ ನಕ್ಕನಂತೆ.

ಅಕ್ಟೋಬರಿನ ಭೇಟಿಗೆ ಬಂದಾಗ ಇಬ್ಬರೂ ಕೊಳ್ಳುವ ತೀರ್ಮಾನಕ್ಕೆ ಬಂದಿದ್ದರು. ಮನೆ ನೋಡುವಾಗ ಎರಡು ಎಚ್ಚರಿಕೆ ಹೇಳಿದ್ದೆ. 2018 ಮತ್ತು 2019ರಲ್ಲಿ ಕಾವೇರಿ ಉಕ್ಕಿದಾಗ ಕುಶಾಲನಗರದ ತಗ್ಗಿನ ಬಡಾವಣೆಗಳು ನೀರಿನಲ್ಲಿ ನಿಂತಿದ್ದವು. ಆದ್ದರಿಂದ ಮಾರುವವರನ್ನು ಕೇಳದೆ, ಎದುರುಮನೆಯವರನ್ನೂ ಬೀದಿಯ ಅಂಗಡಿಯವರನ್ನೂ ಕೇಳಿ, ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆಯ ಮೇಲೆ ಕೈಯಿಟ್ಟು ತೋರಿಸಲು ಹೇಳಬೇಕು. ಎರಡನೆಯದು, ಭೂ ಪರಿವರ್ತನೆಯ ಆದೇಶ, ಇ-ಖಾತಾ, ಋಣಭಾರ ಪತ್ರ, ಕಟ್ಟಡದ ಪರವಾನಗಿ ನಾಲ್ಕೂ ಕೈಗೆ ಬಂದು ವಕೀಲರು ನೋಡುವವರೆಗೆ ಮುಂಗಡ ಕೊಡಬಾರದು. ದಾವಣಗೆರೆಯ ಮನೆಯನ್ನು ಮಾರಿದ ಹಣದಲ್ಲಿ, ಎತ್ತರದ ಬೀದಿಯೊಂದರಲ್ಲಿ ಸುಮಾರು 20 ವರ್ಷ ಹಳೆಯದಾದ ಒಂದೇ ಅಂತಸ್ತಿನ ಮನೆಯನ್ನು ನವೆಂಬರಿನಲ್ಲಿ ಇಬ್ಬರ ಹೆಸರಿಗೂ ನೋಂದಣಿ ಮಾಡಿಸಿಕೊಂಡರು.

ನನ್ನ ಸಲಹೆಯಿಂದ ಅವರಿಗಾದ ನಷ್ಟವನ್ನೂ ದಾಖಲಿಸಬೇಕು. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿತು. ಸುಮಾರು 60 ಲಕ್ಷದ ಮನೆಗೆ ಇದರಿಂದಲೇ 60 ಸಾವಿರ ಹೆಚ್ಚಾಯಿತು. ನಿವೇಶನ ಕೊಂಡು ಕಟ್ಟಿದ್ದರೆ ಶುಲ್ಕವೆಲ್ಲ ನಿವೇಶನದ ಬೆಲೆಗಷ್ಟೇ ಬೀಳುತ್ತಿತ್ತು, ಕಟ್ಟಡಕ್ಕೆ ಬೀಳುತ್ತಿರಲಿಲ್ಲ ಎಂದು ಯಜಮಾನರು ಲೆಕ್ಕ ಬರೆದು ತಂದು ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು.

ಮನೆಯ ದುರಸ್ತಿಯನ್ನು ಪೂರ್ತಿಯಾಗಿ ಅವರಿಗೇ ವಹಿಸುವಂತೆ ಪತ್ನಿಗೆ ಹೇಳಿದ್ದೆ. ಈಗ ಬೆಳಗ್ಗೆ ಹತ್ತು ಗಂಟೆಗೆ ಅವರು ಮೇಸ್ತ್ರಿಯ ಜೊತೆ ನಿಂತಿರುತ್ತಾರೆ. ಬಚ್ಚಲಿನ ನೆಲ ಕಿತ್ತು ಜಾರದ ಟೈಲ್ಸ್ ಹಾಕಿಸಿದ್ದಾರೆ, ಗೋಡೆಗೆ ಹಿಡಿಕೆ ಬಂದಿದೆ, ಬಾಗಿಲ ಮುಂದಿನ ಮೂರು ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ದಾರಿಯಾಗಿದೆ, ತಾರಸಿಗೆ ಶೀಟು ಬೀಳುವುದು ಬಾಕಿ. ಕಪಾಟು ನಕ್ಷೆಯಲ್ಲಿದ್ದ ಅಳತೆಯದೇ.

ಬಗೆಹರಿಯದೆ ಉಳಿದಿರುವುದು ಪುಣೆಯ ಮಗನ ವಿಷಯ. ತಂದೆತಾಯಿಯ ಗಂಟೆಲ್ಲ ತಂಗಿಯ ಕಡೆಗೆ ಸರಿಯಿತೆಂದು ಅವನು ಫೋನಿನಲ್ಲಿ ಒಮ್ಮೆ ಆಡಿದ ಮಾತು ತಾಯಿಯನ್ನು ಕೊರೆಯುತ್ತಿದೆ. ಅವನನ್ನು ಸಮಾಧಾನಪಡಿಸಲು ಮನೆಯನ್ನು ಈಗಲೇ ಇಬ್ಬರು ಮಕ್ಕಳ ಹೆಸರಿಗೂ ದಾನಪತ್ರ ಮಾಡಿಬಿಡುವ ಯೋಚನೆ ಯಜಮಾನರಿಗಿತ್ತು. ಅದನ್ನು ನಾನು ಬಲವಾಗಿ ತಡೆದಿದ್ದೇನೆ. ಪಾಲನೆ ಮಾಡಬೇಕೆಂಬ ಷರತ್ತು ಬರೆದು ಕೊಟ್ಟ ದಾನವನ್ನು, ಷರತ್ತು ಮುರಿದರೆ, ರದ್ದುಪಡಿಸಿಕೊಳ್ಳಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅವಕಾಶವಿದೆಯಾದರೂ, ಹೆತ್ತವರು ಉಪವಿಭಾಗಾಧಿಕಾರಿಯ ಮುಂದೆ ಮಕ್ಕಳ ಮೇಲೆ ದೂರು ಹಿಡಿದು ನಿಲ್ಲಬೇಕಾಗುತ್ತದೆ. ಗಂಡ-ಹೆಂಡತಿ ಒಬ್ಬೊಬ್ಬರೂ ಬೇರೆ ಬೇರೆ ಉಯಿಲು ಬರೆಯಲಿ, ಉಳಿದವರು ಬದುಕಿರುವವರೆಗೆ ಮನೆ ಅವರದಾಗಿರಲಿ, ಆಮೇಲೆ ಮಕ್ಕಳಿಬ್ಬರಿಗೂ ಸಮನಾಗಿ ಹೋಗಲಿ, ಉಯಿಲಿನಲ್ಲೇನಿದೆಯೆಂದು ಮಗನಿಗೆ ಮುಂಚೆಯೇ ಓದಿ ಹೇಳಿ ಎಂದಿದ್ದೇನೆ. ಅವನು ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಭಾವನ ಮನೆಗೆ ಬರುವುದಾಗಿ ತಿಳಿಸಿದ್ದಾನೆ. ಹಬ್ಬದ ಮಾರನೆಯ ದಿನ ಐವರೂ ನನ್ನಲ್ಲಿಗೆ ಬರುವುದೆಂದು ನಿಗದಿಯಾಗಿದೆ.