ಸಂಪಾದಕರ ಉತ್ತರ: ಬರ್ನಾಲ್ ಅವರಿಗೆ ರಾಜಕೀಯ ಯಾಕೆ ಬೇಕಿತ್ತು?

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ನಮ್ಮ ದೇಶದ ಭೌತವಿಜ್ಞಾನಿ ಜಿ. ಎನ್. ರಾಮಚಂದ್ರನ್ ಬಗ್ಗೆ ಬಂದ ಲೇಖನ ಓದಿ ನೀವು ಬರೆದ ಪತ್ರ ತಲುಪಿದೆ. ಆ ಲೇಖನದಲ್ಲಿ, ಎಕ್ಸ್-ರೇ ಹಾಯಿಸಿ ಹರಳುಗಳ ಒಳರಚನೆ ಓದುತ್ತಿದ್ದ ಜೆ. ಡಿ. ಬರ್ನಾಲ್ ಅವರ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. 'ಅವರು ಕಮ್ಯುನಿಸ್ಟ್ ಆಗಿದ್ದರು, ಅಲ್ವಾ? ಅಷ್ಟು ದೊಡ್ಡ ಭೌತವಿಜ್ಞಾನಿಗೆ ರಾಜಕೀಯ ಯಾಕೆ ಬೇಕಿತ್ತು? ಅದರಿಂದಲೇ ನೊಬೆಲ್ ಕೈತಪ್ಪಿತೇ?' ಎಂದು ಕೇಳಿದ್ದೀರಿ. ಒಂದು ಸಾಲಿನಲ್ಲಿ ಮುಗಿಸಬಾರದಿತ್ತು, ಒಪ್ಪುತ್ತೇನೆ. ಈ ಸಲ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬರ್ನಾಲ್ ಹುಟ್ಟಿದ್ದು 1901ರಲ್ಲಿ, ಐರ್ಲೆಂಡಿನ ಟಿಪ್ಪರೆರಿ ಸೀಮೆಯ ನೀನಾ ಊರಲ್ಲಿ. ತಂದೆ ಬೇಸಾಯಗಾರ, ತಾಯಿ ಅಮೆರಿಕದವರು. ಕ್ಯಾಥೊಲಿಕ್ ಮನೆ. ಓದಿಗೆ ಇಂಗ್ಲೆಂಡಿಗೆ ಹೋದ ಹುಡುಗ ಕೇಂಬ್ರಿಜ್ ಸೇರಿದ್ದು 1919ರಲ್ಲಿ. ಅತ್ತ ಅವರ ಸ್ವಂತ ನಾಡು ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿತ್ತು. ಕೇಂಬ್ರಿಜಿನಲ್ಲೇ ದೇವರ ಮೇಲಿನ ನಂಬಿಕೆ ಹೋಯಿತು, ಸಮಾಜವಾದ ಬಂತು. 1923ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು. ಹರಳಿನೊಳಗೆ ಅಣುಗಳು ಎಷ್ಟು ಬಗೆಯಲ್ಲಿ ಸಾಲುಗಟ್ಟಿ ಕೂರಬಹುದು ಎಂಬ ಲೆಕ್ಕವನ್ನು ವಿದ್ಯಾರ್ಥಿಯಾಗಿದ್ದಾಗಲೇ ತಾವೇ ಕೂತು ಹಾಕಿದರು. ಉತ್ತರ 230. ಬೇರೆಯವರು ಅದನ್ನು ಮೊದಲೇ ಕಂಡುಹಿಡಿದಿದ್ದರು, ನಿಜ. ಆದರೂ ಎಕ್ಸ್-ರೇಯಿಂದ ಹರಳುಗಳ ರಚನೆ ಓದುವುದರಲ್ಲಿ ಹೆಸರಾಗಿದ್ದ ವಿಲಿಯಂ ಬ್ರ್ಯಾಗ್ ಆ ಲೆಕ್ಕ ನೋಡಿ, ಬರ್ನಾಲ್ ಅವರನ್ನು ಲಂಡನ್ನಿನ ತಮ್ಮ ಪ್ರಯೋಗಾಲಯಕ್ಕೆ ಸೇರಿಸಿಕೊಂಡರು. ಹೀಗೆ ವಿಜ್ಞಾನ ಮತ್ತು ರಾಜಕೀಯ ಎರಡೂ ಒಂದೇ ವಯಸ್ಸಿನಲ್ಲಿ ಅವರ ಬದುಕಿಗೆ ಬಂದವು. ಒಂದು ಮೊದಲು, ಇನ್ನೊಂದು ಆಮೇಲೆ ಅಂಟಿಕೊಂಡಿತು ಅನ್ನುವ ಹಾಗಿಲ್ಲ.

ನನಗೆ ತುಂಬ ಇಷ್ಟವಾದ ಕತೆ 1934ರದು. ಆಗ ಅವರು ಮತ್ತೆ ಕೇಂಬ್ರಿಜಿನಲ್ಲಿದ್ದರು. ಸ್ವೀಡನ್ನಿನ ಉಪ್ಸಾಲಾದಲ್ಲಿ ಬೆಳೆದ ಪೆಪ್ಸಿನ್ ಹರಳುಗಳನ್ನು ಒಬ್ಬರು ಕೋಟಿನ ಜೇಬಿನಲ್ಲಿಟ್ಟು ತಂದುಕೊಟ್ಟರು. ಪೆಪ್ಸಿನ್ ಅಂದರೆ ನಮ್ಮ ಹೊಟ್ಟೆಯಲ್ಲಿ ಊಟ ಅರಗಿಸುವ ಪ್ರೋಟೀನು. ಅದುವರೆಗೆ ಪ್ರೋಟೀನ್ ಹರಳುಗಳ ಮೇಲೆ ಎಕ್ಸ್-ರೇ ಬಿಟ್ಟವರಿಗೆಲ್ಲ ಬರೀ ಮಸುಕು ಚಿತ್ರ ಸಿಗುತ್ತಿತ್ತು. ಬರ್ನಾಲ್ ಮೊದಲು ಆ ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಸುಮ್ನೆ ನೋಡುತ್ತಾ ಕೂತರು. ದ್ರವದಲ್ಲಿದ್ದಾಗ ಫಳಫಳ ಹೊಳೆಯುತ್ತಿದ್ದ ಹರಳು ಹೊರಗೆ ತೆಗೆದೊಡನೆ ಒಣಗಿ ಕೆಡುತ್ತಿತ್ತು. ಎಲ್ಲರೂ ಒಣಗಿಸಿ ಚಿತ್ರ ತೆಗೆಯುತ್ತಿದ್ದರು. ಇವರು ಹರಳನ್ನು ಅದರ ದ್ರವದ ಸಮೇತ ಸಣ್ಣ ಗಾಜಿನ ಕೊಳವೆಯಲ್ಲಿಟ್ಟು, ಬಾಯಿ ಮುಚ್ಚಿ, ಎಕ್ಸ್-ರೇ ಹಾಯಿಸಿದರು. ಫಲಕದ ಮೇಲೆ ಸ್ಪಷ್ಟವಾದ ಚುಕ್ಕೆಗಳು ಬಂದವು. ಒಳಗೆ ಕ್ರಮ ಇದ್ದರೆ ಮಾತ್ರ ಅಂಥ ಚುಕ್ಕೆಗಳು ಬೀಳುತ್ತವೆ. ಪ್ರೋಟೀನಿನೊಳಗೂ ಪರಮಾಣುಗಳು ಕ್ರಮವಾಗಿ ಕೂತಿವೆ, ಅದನ್ನು ಓದಲು ಸಾಧ್ಯ ಎಂದು ಆವತ್ತು ಗೊತ್ತಾಯಿತು. ಆ ಕೆಲಸದಲ್ಲಿ ಜೊತೆಗಿದ್ದ ಡೊರೊತಿ ಹಾಜ್ಕಿನ್ 1964ರಲ್ಲಿ ನೊಬೆಲ್ ಪಡೆದರು. ಬರ್ನಾಲ್ ಅವರ ಹತ್ತಿರ ಸಂಶೋಧನೆಗೆ ಬಂದ ಮ್ಯಾಕ್ಸ್ ಪೆರುಟ್ಸ್ 1962ರಲ್ಲೇ ಪಡೆದಿದ್ದರು.

ಈಗ ರಾಜಕೀಯಕ್ಕೆ ಬರೋಣ. 1930ರ ದಶಕದಲ್ಲಿ ಯುದ್ಧ ಹತ್ತಿರವಾಗುತ್ತಿತ್ತು. ವಿಷಾನಿಲದ ದಾಳಿಯಾದರೆ ಒಂದು ಕೋಣೆಯ ಸಂದುಗಳಿಗೆಲ್ಲ ಕಾಗದ ಅಂಟಿಸಿ ಒಳಗೆ ಕೂತರೆ ಸಾಕು ಎಂದು ಬ್ರಿಟಿಷ್ ಸರಕಾರ ಜನರಿಗೆ ಹೇಳಿತು. ಬರ್ನಾಲ್ ಮತ್ತು ಕೇಂಬ್ರಿಜಿನ ಯುದ್ಧವಿರೋಧಿ ವಿಜ್ಞಾನಿಗಳು ಬರೀ ಘೋಷಣೆ ಕೂಗಲಿಲ್ಲ. ನಿಜವಾದ ಮನೆಗಳಲ್ಲಿ ಕೋಣೆಗಳನ್ನು ಹಾಗೆಯೇ ಮುಚ್ಚಿ, ಗಾಳಿ ಎಷ್ಟು ಬೇಗ ಸೋರುತ್ತದೆ ಎಂದು ಅಳೆದರು. ಅನಿಲ ತಡೆಯುವಷ್ಟು ಭದ್ರತೆ ಆ ಕೋಣೆಗಳಲ್ಲಿ ಇರಲಿಲ್ಲ. 1937ರಲ್ಲಿ ಅದನ್ನು ಪುಸ್ತಕ ಮಾಡಿ ಹೊರತಂದರು. ಬಡವರ ಸೋರುವ ಮನೆಗೆ ಈ ಸಲಹೆಯಿಂದ ಏನು ಪ್ರಯೋಜನ ಎಂಬ ಪ್ರಶ್ನೆ ರಾಜಕೀಯದ್ದು. ಅದಕ್ಕೆ ಉತ್ತರ ಸಿಕ್ಕಿದ್ದು ಅಳತೆಯಿಂದ. ರಾಜಕೀಯ ಯಾಕೆ ಬೇಕಿತ್ತು ಎಂದಿರಲ್ಲ, ನನ್ನ ಉತ್ತರ ಇಲ್ಲೇ ಇದೆ. ಹರಳನ್ನು ನೋಡುವ ಕಣ್ಣಿನಲ್ಲೇ ಅವರು ಸರಕಾರದ ಮಾತನ್ನೂ ನೋಡಿದರು.

ಯುದ್ಧ ಬಂದಾಗ ಅದೇ ಸರಕಾರಕ್ಕೆ ಅವರು ಬೇಕಾದರು. ನರಕದ ಬೆಂಕಿಯಷ್ಟು ಕೆಂಪಾಗಿದ್ದರೂ ಸರಿ, ಅವರೇ ಬೇಕು ಎಂದು ಮಂತ್ರಿ ಜಾನ್ ಆಂಡರ್ಸನ್ ಹೇಳಿದರೆಂಬ ಮಾತಿದೆ. ಬರ್ನಾಲ್ ಮತ್ತು ಪ್ರಾಣಿವಿಜ್ಞಾನಿ ಸಾಲಿ ಜುಕರ್‌ಮನ್ ಸೇರಿ ಬಾಂಬು ಬಿದ್ದ ಹಲ್ ಮತ್ತು ಬರ್ಮಿಂಗ್‌ಹ್ಯಾಮ್ ನಗರಗಳ ಅಧ್ಯಯನ ಮಾಡಿಸಿದರು. ಬಾಂಬಿನಿಂದ ಜನರ ಧೈರ್ಯ ಕುಸಿಯಲಿಲ್ಲ ಎಂದು ಕಂಡುಬಂತು. ಚರ್ಚಿಲ್ ಅವರ ಸಲಹೆಗಾರ ಲಿಂಡೆಮನ್ 1942ರಲ್ಲಿ ಇದೇ ಅಧ್ಯಯನದ ಅಂಕಿಗಳನ್ನು ತೆಗೆದುಕೊಂಡು, ಅದರಲ್ಲಿ ಕಂಡದ್ದಕ್ಕೆ ವಿರುದ್ಧವಾಗಿ, ಜರ್ಮನಿಯ ಊರುಗಳಲ್ಲಿ ಜನರ ಮನೆಗಳ ಮೇಲೇ ಬಾಂಬು ಹಾಕಬೇಕೆಂದು ವಾದಿಸಿದರು. ಓದುವಾಗ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಾರ್ಮಂಡಿಯಲ್ಲಿ ಸೈನ್ಯ ಇಳಿಯಬೇಕಿದ್ದ ಕಡಲತೀರದ ಮರಳು, ಇಳಿಜಾರು ಎಲ್ಲದರ ಲೆಕ್ಕ ಮಾಡಿದವರಲ್ಲೂ ಬರ್ನಾಲ್ ಇದ್ದರು. 1944ರಲ್ಲಿ ಸೈನ್ಯ ಇಳಿದ ಮರುದಿನವೇ ಆ ದಡಕ್ಕೆ ತಾವೂ ಹೋಗಿ ನೋಡಿದರು.

ಇನ್ನು ಕಷ್ಟದ ಭಾಗ. ಇದನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದಂತೆ. ಸೋವಿಯತ್ ದೇಶದಲ್ಲಿ ಲೈಸೆಂಕೊ ಎಂಬ ಕೃಷಿ ತಜ್ಞ ವಂಶವಾಹಿಗಳ ವಿಜ್ಞಾನವೇ ಸುಳ್ಳು, ಬೆಳೆಸುವ ರೀತಿಯಿಂದಲೇ ಗೋಧಿಯ ಗುಣ ಬದಲಾಯಿಸಬಹುದು ಎಂದ. ಸ್ಟಾಲಿನ್ ಅವನ ಬೆನ್ನಿಗಿದ್ದರು. ಅವನನ್ನು ಎದುರಿಸಿದ ಮಹಾ ಸಸ್ಯವಿಜ್ಞಾನಿ ವವಿಲೋವ್ 1943ರಲ್ಲಿ ಜೈಲಿನಲ್ಲೇ ತೀರಿಕೊಂಡಿದ್ದರು. 1948ರಲ್ಲಿ ಲೈಸೆಂಕೊ ಪೂರ್ತಿ ಗೆದ್ದಾಗ ಬರ್ನಾಲ್ ಅವನ ಪರ ನಿಂತರು. ಅದೇ ಪಕ್ಷದಲ್ಲಿದ್ದ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಮೆಲ್ಲಗೆ ದೂರ ಸರಿದರು, ಬರ್ನಾಲ್ ಸರಿಯಲಿಲ್ಲ. ಕೋಣೆಯ ಗಾಳಿ ಅಳೆದ ಮನುಷ್ಯ ಇಲ್ಲಿ ಅಳೆಯಲಿಲ್ಲ. ಗೋಧಿ ಬೆಳೆದು ನೋಡಿ ಎಂದು ಕೇಳಲಿಲ್ಲ. ನಂಬಿಬಿಟ್ಟರು. ನನ್ನ ಮಟ್ಟಿಗೆ ಅವರ ಬದುಕಿನ ದೊಡ್ಡ ತಪ್ಪು ಇದೇ.

ಆದರೂ ಅವರ ಪ್ರಯೋಗಾಲಯದ ಬಾಗಿಲು ಮುಚ್ಚಲಿಲ್ಲ. 1938ರಿಂದ ಅವರು ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದರು. ಹಗಲು ದುಡಿಯುವವರು ಸಂಜೆ ಬಂದು ಓದುವ ಕಾಲೇಜು ಅದು. ಡಿಎನ್‌ಎಯ ಚಿತ್ರ ತೆಗೆದ ರೊಸಾಲಿಂಡ್ ಫ್ರ್ಯಾಂಕ್ಲಿನ್ 1953ರಲ್ಲಿ ಅಲ್ಲಿಗೆ ಬಂದು, ವೈರಸ್‌ಗಳ ಮೇಲೆ ಕೆಲಸ ಮಾಡಿದರು. 1952ರಲ್ಲಿ ಬರ್ನಾಲ್ ಮದರಾಸಿಗೂ ಬಂದಿದ್ದರು. ಆಗಷ್ಟೇ ಅಲ್ಲಿಗೆ ಪ್ರೊಫೆಸರ್ ಆಗಿ ಹೋಗಿದ್ದ ರಾಮಚಂದ್ರನ್ ಅವರಿಗೆ, ಚರ್ಮ ಮತ್ತು ಸ್ನಾಯುಬಂಧಗಳಲ್ಲಿರುವ ಕೊಲಾಜೆನ್ನಿನ ರಚನೆ ಇನ್ನೂ ಸರಿಯಾಗಿ ಬಿಡಿಸಿಲ್ಲ ಎಂದು ಹೇಳಿದರು. ಅಷ್ಟೇ ಮಾತು. ಎರಡೇ ವರ್ಷದಲ್ಲಿ ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಅದರ ಮೂರೆಳೆಯ ರಚನೆ ಪ್ರಕಟಿಸಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮಚಂದ್ರನ್ ಆಮೇಲೆ ಕಟ್ಟಿದ ವಿಭಾಗದ ಬೇರು ಇಲ್ಲಿಯವರೆಗೆ ಹೋಗುತ್ತದೆ.

ನೊಬೆಲ್ ವಿಷಯ. ಸಭೆ, ಪ್ರಯಾಣಗಳು ಅವರ ಸಮಯ ತಿಂದವು, ಅನುಮಾನವೇ ಇಲ್ಲ. 1959ರ ನಂತರವಂತೂ ವಿಶ್ವ ಶಾಂತಿ ಮಂಡಳಿಯ ಅಧ್ಯಕ್ಷರೂ ಅವರೇ. ಆದರೆ ಅವರ ಸ್ವಭಾವವೇ ಹಾಗಿತ್ತು ಅನಿಸುತ್ತದೆ. ಒಂದು ದಾರಿ ತೆರೆದು, ನಡೆಯುವ ಕೆಲಸ ಬೇರೆಯವರಿಗೆ ಕೊಟ್ಟು, ಮುಂದಿನದಕ್ಕೆ ಹೋಗುತ್ತಿದ್ದರು.

ಕೊನೆಯ ವರ್ಷಗಳಲ್ಲಿ ಅವರು ಹಿಡಿದ ಪ್ರಶ್ನೆ, ದ್ರವದೊಳಗೆ ಅಣುಗಳು ಹೇಗೆ ಕೂತಿರುತ್ತವೆ ಎಂಬುದು. ಅಲ್ಲಿ ಹರಳಿನಂಥ ಕ್ರಮ ಇರಬಾರದು. ಹಾಗಾಗಿ ರಬ್ಬರ್ ಚೆಂಡುಗಳನ್ನು ಬೇರೆ ಬೇರೆ ಉದ್ದದ ಕಡ್ಡಿಗಳಿಂದ ಜೋಡಿಸುತ್ತಾ ಹೋದರು. ಇದನ್ನು ತಮ್ಮ ಕಚೇರಿಯಲ್ಲೇ ಮಾಡಿದರಂತೆ. ಐದೈದು ನಿಮಿಷಕ್ಕೆ ಯಾರಾದರೂ ಬಂದು ಕೆಲಸ ನಿಲ್ಲಿಸುತ್ತಿದ್ದರು. ಮತ್ತೆ ಬಂದು ಕೂತಾಗ ಹಿಂದೆ ಏನು ಮಾಡಿದ್ದೆ ಎಂಬುದು ನೆನಪಿರುತ್ತಿರಲಿಲ್ಲ. ಜೋಡಣೆಯಲ್ಲಿ ಕ್ರಮ ಬರದಿರಲು ಅದೇ ಬೇಕಾಗಿತ್ತು. 1962ರಲ್ಲಿ ರಾಯಲ್ ಸೊಸೈಟಿಯ ಉಪನ್ಯಾಸದಲ್ಲಿ ಇದನ್ನು ತಮ್ಮ ಪ್ರಯೋಗದ ವಿಧಾನವೆಂದೇ ವಿವರಿಸಿದರು.

— ಸಂಪಾದಕ